‘ನೀನು ಡಾಕ್ಟ್ರಾ, ನಾನು ಡಾಕ್ಟ್ರಾ?’

ಈ ಮಾತನ್ನ ಒಂದಲ್ಲ ಒಂದು ರೂಪದಲ್ಲಿ ನಾವೆಲ್ಲ ಕೇಳಿಸಿಕೊಂಡಿದ್ದೀವಿ. ಓಪಿಡಿಯಲ್ಲಿ, ವಾರ್ಡಿನ ಬಾಗಿಲಲ್ಲಿ, ಚೀಟಿ ಬರೆದು ಮುಂದಿನ ಪೇಷೆಂಟನ್ನ ಕರೆಯೋ ಆತುರದಲ್ಲಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದು ಸ್ವಲ್ಪ ನಯವಾಗಿ ಬರುತ್ತೆ: ‘ಗೂಗಲ್ ನೋಡ್ಕೊಂಡು ಬಂದಿದೀರಾ?’ ತಾಲ್ಲೂಕು ಆಸ್ಪತ್ರೆಯಲ್ಲಿ ನಯಗಿಯ ಇರಲ್ಲ, ನೇರವಾಗೇ ಬರುತ್ತೆ. ಎರಡರ ಅರ್ಥವೂ ಒಂದೇ. ಕೇಳೋದು ನಿನ್ನ ಕೆಲಸ ಅಲ್ಲ.

ದೊಡ್ಡವರ ವಿಷಯದಲ್ಲಾದರೆ ಇದನ್ನ ಅಹಂಕಾರ ಅಂತಲೋ ಸುಸ್ತು ಅಂತಲೋ ಬಿಟ್ಟುಬಿಡಬಹುದು. ರೋಗಿಗೆ ಬಾಯಿದೆ. ‘ಈ ಮಾತ್ರೆ ತಗೊಂಡಾಗಿನಿಂದ ತಲೆ ಸುತ್ತುತ್ತೆ’ ಅಂತ ಅವನೇ ಹೇಳ್ತಾನೆ. ಮಗುವಿಗೆ ಆ ಬಾಯಿ ಇಲ್ಲ. ಅದು ಅಳುತ್ತೆ, ಇಲ್ಲಾ ಅಳೋದನ್ನ ನಿಲ್ಲಿಸುತ್ತೆ. ಎರಡರಲ್ಲಿ ಯಾವುದು ಅಪಾಯ ಅಂತ ಮೊದಲು ಗೊತ್ತಾಗೋದು ಪಕ್ಕದಲ್ಲಿ ಕೂತ ತಾಯಿಗೆ. ಹಾಗಾಗಿ ಮಕ್ಕಳ ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳೋ ಹಕ್ಕು ಯಾರದ್ದು ಅನ್ನೋದು ಬರೀ ಮರ್ಯಾದೆಯ ವಿಷಯ ಅಲ್ಲ, ಜೀವದ ವಿಷಯ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ: ಯಾರಿಗೆ ಕೇಳೋಕೆ ಧೈರ್ಯವಿಲ್ಲವೋ, ಗೊತ್ತಿಲ್ಲವೋ, ಅವರ ಮಗುವಿನ ಗತಿ ಏನು?

ಮಕ್ಕಳ ಚಿಕಿತ್ಸೆ ದೊಡ್ಡವರ ಚಿಕಿತ್ಸೆಯ ಸಣ್ಣ ಸೈಜು ಅಂತ ನಾವು ಅಂದುಕೊಂಡಿರ್ತೀವಿ. ಹಾಗಿಲ್ಲ. ನಮಗೆ ಜ್ವರ ಬಂದರೆ 500 ಮಿಲಿಗ್ರಾಂನ ಒಂದು ಮಾತ್ರೆ ನುಂಗಿ ಮಲಗ್ತೀವಿ. ಮಕ್ಕಳಿಗೆ ಪ್ರತಿ ಡೋಸೂ ಒಂದು ಲೆಕ್ಕ. ಪ್ಯಾರಾಸಿಟಮಾಲ್ ಆದರೆ ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಇದೇ ಔಷಧಿ ನಮ್ಮ ಅಂಗಡಿಗಳಲ್ಲಿ ಡ್ರಾಪ್ಸ್ ಆಗಿ ಸಿಗುತ್ತೆ, ಅದರಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ. ಸಿರಪ್ ಆಗಿಯೂ ಸಿಗುತ್ತೆ, 5 ಎಂಎಲ್‌ಗೆ 120 ಮಿಲಿಗ್ರಾಂ ಒಂದು ಥರ, 250 ಇನ್ನೊಂದು ಥರ. 120ರ ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗೋದು ನಾಲ್ಕು ಪಟ್ಟು. ಇದು ಮನೆಯ ಕತೆ. ಆಸ್ಪತ್ರೆಯಲ್ಲಿ ಒಂದು ಕೆಜಿಯ ಹಸುಗೂಸಿಗೆ ದೊಡ್ಡವರ ಇಂಜೆಕ್ಷನ್ ಬಾಟಲಿಯಿಂದಲೇ ಔಷಧಿ ತೆಗೆದು, ನೀರು ಬೆರೆಸಿ, ಎಷ್ಟೋ ಸಲ ಒಂದು ಎಂಎಲ್‌ಗಿಂತ ಕಡಿಮೆ ಕೊಡಬೇಕಾಗುತ್ತೆ. ದಶಮಾಂಶದ ಚುಕ್ಕಿ ಒಂದು ಮನೆ ಆಚೀಚೆ ಆದರೆ ಹತ್ತು ಪಟ್ಟು. ರಾತ್ರಿ ಮೂರು ಗಂಟೆಗೆ, ಹದಿನೈದು ಮಕ್ಕಳನ್ನ ಒಬ್ಬರೇ ನೋಡ್ತಿರೋ ಸಿಸ್ಟರ್ ಈ ಲೆಕ್ಕ ಮಾಡಬೇಕು. ಯೂನಿಟ್ ಗೊಂದಲದಿಂದ 1999ರಲ್ಲಿ ನಾಸಾದವರು ಮಂಗಳದ ಹತ್ತಿರ ಒಂದು ನೌಕೆಯನ್ನೇ ಕಳಕೊಂಡರು. ಅವರಿಗೆ ನಿದ್ದೆ, ಟೈಮು, ಎರಡೆರಡು ಸಲ ಚೆಕ್ ಮಾಡೋ ಜನ ಎಲ್ಲ ಇತ್ತು.

ಅಂದರೆ ತಪ್ಪು ಆಗುತ್ತೆ. ಒಳ್ಳೆ ಆಸ್ಪತ್ರೆಯಲ್ಲೂ, ಒಳ್ಳೆಯವರಿಂದಲೂ ಆಗುತ್ತೆ. ಅದು ಮಗುವಿನವರೆಗೆ ಹೋಗೋ ಮುಂಚೆ ಯಾರ ಕಣ್ಣಿಗೆ ಬೀಳುತ್ತೆ, ಅವರು ಬಾಯಿ ಬಿಟ್ಟರೆ ಯಾರು ಕೇಳಿಸ್ಕೋತಾರೆ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಜೋಸಿ ಕಿಂಗ್ ಅನ್ನೋ ಹದಿನೆಂಟು ತಿಂಗಳ ಮಗು 2001ರಲ್ಲಿ ಬಿಸಿನೀರಿನ ತೊಟ್ಟಿಗಿಳಿದು ಮೈ ಸುಟ್ಟುಕೊಂಡಿತು. ಸೇರಿಸಿದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ಗೆ, ಜಗತ್ತಿನ ಅತಿ ದೊಡ್ಡ ಹೆಸರಿನ ಆಸ್ಪತ್ರೆಗಳಲ್ಲಿ ಒಂದು. ಮಗು ಚೇತರಿಸಿಕೊಳ್ತಿತ್ತು, ಮನೆಗೆ ಕಳಿಸೋ ಮಾತು ನಡೀತಿತ್ತು. ಅಷ್ಟರಲ್ಲಿ ಮಗು ಒದ್ದೆ ಬಟ್ಟೆ ಸಿಕ್ಕರೆ ಚೀಪೋದನ್ನ ತಾಯಿ ಸೋರೆಲ್ ಗಮನಿಸಿದರು. ಬಾಯಾರಿಕೆ. ಹೇಳಿದರು. ಎಲ್ಲ ರೀಡಿಂಗ್ ಸರಿಯಾಗಿದೆ ಅನ್ನೋ ಉತ್ತರ ಬಂತು. ಮಗುವಿಗೆ ಇನ್ನು ಮಂಪರಿನ ನೋವಿನ ಔಷಧಿ ಬೇಡ ಅಂತ ತೀರ್ಮಾನ ಆಗಿದ್ದರೂ ಸಿಸ್ಟರ್ ಒಬ್ಬರು ಅದೇ ಥರದ ಔಷಧಿ ಹಿಡಿದು ಬಂದರು. ತಾಯಿ ತಡೆದರೆ ‘ಆರ್ಡರ್ ಬದಲಾಗಿದೆ’ ಅಂದರು. ಮಗು ಉಳೀಲಿಲ್ಲ. ನಿರ್ಜಲೀಕರಣ, ಅದರ ಮೇಲೆ ಆ ಔಷಧಿ.

ಇಪ್ಪತ್ತು ವರ್ಷ ಆದಮೇಲೆ, 2021ರಲ್ಲಿ, ಲಂಡನ್ನಿನಲ್ಲಿ ಮಾರ್ತಾ ಮಿಲ್ಸ್ ಅನ್ನೋ ಹದಿಮೂರು ವರ್ಷದ ಹುಡುಗಿ. ಸೈಕಲ್ಲಿಂದ ಬಿದ್ದು ಹ್ಯಾಂಡಲ್ ಹೊಟ್ಟೆಗೆ ಬಡಿದು ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ಸೋಂಕು ರಕ್ತಕ್ಕೆ ಏರಿತು. ಅವಳ ತಾಯಿ ಮೆರೋಪ್ ಮಿಲ್ಸ್ ದೊಡ್ಡ ಪತ್ರಿಕೆಯ ಸಂಪಾದಕಿ, ಓದಿದವರು, ಪ್ರಶ್ನೆ ಕೇಳೋದೇ ಕಸುಬು. ರಜೆ ಬರ್ತಿದೆ, ಆಗ ಮಗಳ ಸ್ಥಿತಿ ಕೈಮೀರಿದರೆ ಯಾರಿರ್ತಾರೆ ಅಂತ ಅವರು ಮುಂಚೆಯೇ ಕೇಳಿದ್ದರು. ಗಾಬರಿ ಬೇಡ ಅಂದರು. ಐಸಿಯುಗೆ ಬೇಗ ಕಳಿಸಿದ್ದರೆ ಅವಳು ಬಹುತೇಕ ಬದುಕ್ತಿದ್ದಳು ಅಂತ ಆಮೇಲಿನ ಅಧಿಕೃತ ವಿಚಾರಣೆ ಹೇಳಿತು. ಆ ತಾಯಿ ಬರೆದರು, ಜಗಳ ಮಾಡಿದರು. 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ‘ಮಾರ್ತಾ ನಿಯಮ’ ಅಂತ ಜಾರಿಗೆ ಬರ್ತಾ ಇದೆ. ಮಗುವಿನ ಸ್ಥಿತಿ ಹದಗೆಡ್ತಿದೆ, ಇಲ್ಲಿ ಯಾರೂ ಕೇಳ್ತಿಲ್ಲ ಅನಿಸಿದರೆ ಮನೆಯವರೇ ಒಂದು ನಂಬರಿಗೆ ಫೋನ್ ಮಾಡಬಹುದು. ಬೇರೊಂದು ತಂಡ ಬಂದು ಹೊಸ ಕಣ್ಣಲ್ಲಿ ನೋಡುತ್ತೆ. ಹಗಲು ರಾತ್ರಿ, ಯಾವಾಗ ಬೇಕಾದರೂ.

ನನಗೆ ಈ ನಿಯಮ ಹಿಡಿಸಿದ್ದು ಯಾಕೆ ಅಂದರೆ, ಇದು ಡಾಕ್ಟರಿಗೆ ‘ವಿನಯದಿಂದ ಇರಿ’ ಅಂತ ಉಪದೇಶ ಮಾಡಲ್ಲ. ತಾಯಿಯ ಅನುಮಾನವನ್ನ ಒಂದು ಮಾಹಿತಿ ಅಂತ ತಗೊಳ್ಳುತ್ತೆ. ಮಾನಿಟರ್‌ನಲ್ಲಿ ಹಾರ್ಟ್ ರೇಟ್ ಬರೋ ಹಾಗೆ ‘ನನ್ನ ಮಗು ಯಾವತ್ತಿನ ಹಾಗಿಲ್ಲ’ ಅನ್ನೋದೂ ಒಂದು ರೀಡಿಂಗ್. ಅದು ಸುಳ್ಳೇ ಆಗಬಹುದು, ಮಾನಿಟರ್ ಕೂಡ ಸುಳ್ಳು ಅಲಾರಾಂ ಹೊಡೆಯುತ್ತೆ. ಅದಕ್ಕೇ ಅಂತ ಯಾರೂ ಮಾನಿಟರ್ ಕಿತ್ತು ಎಸೆಯಲ್ಲ.

ಈಗ ನಮ್ಮ ಕಡೆ ಬರೋಣ. ಅಲ್ಲಿನ ತಾಯಂದಿರಿಬ್ಬರೂ ಕೇಳಿದರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಕೇಳೋದೇ ಇಲ್ಲ.

ನನ್ನ ಚಿಕ್ಕಮ್ಮನ ಮಗಳಿಗೆ ಏಳೂವರೆ ತಿಂಗಳಿಗೇ ಹೆರಿಗೆ ಆಯ್ತು. ಒಂದೂವರೆ ಕೆಜಿ ಮಗು. ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಮೂರು ವಾರ ಇಟ್ಟಿದ್ದರು. ಇಪ್ಪತ್ತು ವರ್ಷದ ಹಿಂದೆ ನಮ್ಮೂರಲ್ಲಿ ಇಂಥ ಮಗು ಉಳಿಯೋ ಮಾತೇ ಇರಲಿಲ್ಲ, ಅದನ್ನ ಮೊದಲೇ ಹೇಳಬೇಕು. ಒಂದು ಶನಿವಾರ ನಾನು ಹೋದಾಗ ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಗುವಿಗೆ ಏನು ಕೊಡ್ತಿದ್ದಾರೆ, ಆಕ್ಸಿಜನ್ ಎಷ್ಟು ದಿನ ಹಾಕಿದ್ದರು, ಏನಾದರೂ ಕೇಳಿದ್ಯಾ ಅಂದೆ.

‘ಏನ್ ಕೇಳ್ಲಣ್ಣ? ಜೀವ ಉಳಿಸವ್ರೆ, ಅಷ್ಟು ಸಾಕು. ಜಾಸ್ತಿ ಕೇಳಿ ಅವ್ರಿಗೆ ಬೇಜಾರಾಗಿ ಮಗೀನ ಸರ್ಯಾಗ್ ನೋಡ್ದೇ ಹೋದ್ರೆ?’

ಈ ಮಾತಿನಲ್ಲಿ ಎರಡಿವೆ. ಒಂದು ಕೃತಜ್ಞತೆ, ಅದು ನಿಜವಾದದ್ದು. ಇನ್ನೊಂದು ಭಯ. ತನ್ನ ಪ್ರಶ್ನೆಗೆ ದಂಡ ಕಟ್ಟೋದು ತಾನಲ್ಲ, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರೋ ಮಗು ಅಂತ ಅವಳ ಲೆಕ್ಕ. ಆ ಸಿಸ್ಟರ್‌ಗಳು ಹಾಗೆ ಮಾಡೋ ಜನ ಅಂತ ನನಗೇನೂ ಅನಿಸಲಿಲ್ಲ. ಆದರೆ ಮಗು ಒತ್ತೆ ಇದೆ ಅನ್ನೋ ಭಾವನೆಯಲ್ಲಿ ಕೂತ ತಾಯಿಗೆ ‘ನಿಮಗೆ ಕೇಳೋ ಹಕ್ಕಿದೆ’ ಅಂತ ಗೋಡೆ ಮೇಲೆ ಬೋರ್ಡ್ ಹಾಕಿದರೆ ಏನು ಬಂತು?

ಡಿಸ್ಚಾರ್ಜ್ ಕಾರ್ಡಿನಲ್ಲಿ ಒಂದು ಸಾಲಿತ್ತು, ಇಂಗ್ಲಿಷಿನಲ್ಲಿ. ಇಂಥ ತಾರೀಖಿಗೆ ಕಣ್ಣಿನ ಆರ್‌ಒಪಿ ಪರೀಕ್ಷೆ. ಅವಳಿಗೆ ಯಾರೂ ಅದನ್ನ ಬಿಡಿಸಿ ಹೇಳಿರಲಿಲ್ಲ. ‘ಕಣ್ಣು ಚೆನ್ನಾಗೇ ಬಿಡ್ತಾನಲ್ಲ’ ಅಂದಳು. ಆ ತಾರೀಖಿಗೆ ಕರಕೊಂಡು ಹೋದರು, ಮಗುವಿನ ಕಣ್ಣು ಚೆನ್ನಾಗಿತ್ತು. ಆದರೆ ಆ ಒಂದು ಸಾಲು ಏನು ಅಂತ ತಿಳಕೊಂಡರೆ ಎದೆ ಝಲ್ ಅನ್ನುತ್ತೆ.

1940ರ ದಶಕದಲ್ಲಿ ಅಮೆರಿಕ, ಯೂರೋಪು, ಆಸ್ಟ್ರೇಲಿಯಾಗಳಲ್ಲಿ ದಿನ ತುಂಬದ ಮಕ್ಕಳು ಇದ್ದಕ್ಕಿದ್ದ ಹಾಗೆ ಕುರುಡಾಗೋಕೆ ಶುರುವಾದವು. ಅದೂ ಒಳ್ಳೆ ಸೌಕರ್ಯ ಇದ್ದ ಆಸ್ಪತ್ರೆಗಳಲ್ಲೇ ಹೆಚ್ಚು. ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಹೀಗೆ ದೃಷ್ಟಿ ಕಳಕೊಂಡರು ಅನ್ನೋದು ಲೆಕ್ಕ. 1951ರಲ್ಲಿ ಮೆಲ್ಬರ್ನಿನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಒಂದು ಅನುಮಾನ ಮುಂದಿಟ್ಟರು: ನಾವು ಉದಾರವಾಗಿ ಕೊಡ್ತಿರೋ ಆಕ್ಸಿಜನ್ನೇ ಇದಕ್ಕೆ ಕಾರಣ ಇರಬಹುದಾ? ಕೆಲವೇ ವರ್ಷಗಳಲ್ಲಿ ಅದು ನಿಜ ಅಂತ ಸಾಬೀತಾಯ್ತು. ದಿನ ತುಂಬದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರಲ್ಲ. ಆಕ್ಸಿಜನ್ ಹೆಚ್ಚಾದರೆ ಆ ಬೆಳವಣಿಗೆ ನಿಂತು, ಆಮೇಲೆ ಅಡ್ಡಾದಿಡ್ಡಿಯಾಗಿ ಬೆಳೆದು, ಕೊನೆಗೆ ಅಕ್ಷಿಪಟಲವನ್ನೇ ಕಿತ್ತುಹಾಕಬಹುದು. ಆಗ ಎಲ್ಲರೂ ಆಕ್ಸಿಜನ್ ಬಿಗಿ ಮಾಡಿದರು. ಕಣ್ಣು ಉಳಿದವು, ಆದರೆ ಸಾಯೋ ಮಕ್ಕಳ ಸಂಖ್ಯೆ ಏರಿತು. ಹೆಚ್ಚು ಕೊಟ್ಟರೆ ಕಣ್ಣು, ಕಡಿಮೆ ಕೊಟ್ಟರೆ ಜೀವ. ಇವತ್ತು ರಕ್ತದ ಆಕ್ಸಿಜನ್ ಪ್ರಮಾಣವನ್ನ ಸಾಮಾನ್ಯವಾಗಿ ಶೇ. 90ರಿಂದ 95ರ ನಡುವೆ ಹಿಡಿದಿಡೋಕೆ ನೋಡ್ತಾರೆ. ಅದಕ್ಕೆ ಗಾಳಿ ಮತ್ತು ಆಕ್ಸಿಜನ್ ಬೆರೆಸೋ ಯಂತ್ರ ಬೇಕು, ಅಳೆಯೋ ಯಂತ್ರ ಬೇಕು, ನೋಡ್ತಾ ಇರೋ ಸಿಸ್ಟರ್ ಬೇಕು. ಇದೆಲ್ಲ ಎಲ್ಲ ಕಡೆ ಸಮನಾಗಿ ಇಲ್ಲದ ನಮ್ಮ ದೇಶದಲ್ಲಿ ಸ್ವಲ್ಪ ದೊಡ್ಡ ಮಕ್ಕಳಿಗೂ ಈ ತೊಂದರೆ ಬರುತ್ತೆ. ಹಾಗಾಗಿ ಇಲ್ಲಿ 34 ವಾರಕ್ಕಿಂತ ಮುಂಚೆ ಹುಟ್ಟಿದ, ಇಲ್ಲವೇ 2 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆಲ್ಲ ಹುಟ್ಟಿದ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಬೇಕು ಅಂತ ನಿಯಮ. ಆ ಹಂತದಲ್ಲಿ ಹಿಡಿದರೆ ಲೇಸರ್‌ನಿಂದ ಬಹಳಷ್ಟು ಮಕ್ಕಳ ದೃಷ್ಟಿ ಉಳಿಸಬಹುದು. ತಪ್ಪಿಸಿಕೊಂಡರೆ ಆಮೇಲೆ ಮಾಡೋಕೆ ಹೆಚ್ಚೇನೂ ಉಳಿಯಲ್ಲ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಇರುತ್ತೆ.

‘ಜೀವ ಉಳಿಸವ್ರೆ, ಅಷ್ಟು ಸಾಕು.’ ಸಾಕಾ? ಕೇಟ್ ಕ್ಯಾಂಪ್‌ಬೆಲ್‌ಗೆ ಸಾಕು ಅನಿಸಿದ್ದರೆ ಇನ್ನೆಷ್ಟು ಸಾವಿರ ಮಕ್ಕಳ ಕಣ್ಣು ಹೋಗ್ತಿತ್ತೋ. ಉಳಿಸಿದ ಕೈಯೇ ನೋಯಿಸಿರಬಹುದು ಅಂತ ಕೇಳೋದು ಆ ಕೈಗೆ ಮಾಡೋ ದ್ರೋಹ ಅಲ್ಲ. ಆ ಪ್ರಶ್ನೆ ಮೊದಲು ಬಂದಿದ್ದೇ ಉಳಿಸಿದವರ ಒಳಗಿಂದ.

ನನ್ನ ತಂಗಿಗೆ ಈ ಪ್ರಶ್ನೆ ಹೊಳೆಯೋದು ಸಾಧ್ಯವೇ ಇರಲಿಲ್ಲ. ಹೊಳೆಯಬೇಕು ಅಂತ ಬಯಸೋದೂ ಅನ್ಯಾಯ. ಇಲ್ಲೇ ನೋಡಿ, ನಮ್ಮಂಥ ಪೇಟೆಯ ಓದಿದ ಜನ ಎಡವೋದು. ‘ಪೇಷೆಂಟ್ ಜಾಗೃತರಾಗಬೇಕು, ಕೇಳಿ ತಿಳಕೋಬೇಕು’ ಅಂತ ಸುಲಭವಾಗಿ ಹೇಳಿಬಿಡ್ತೀವಿ. ನಮಗೆ ಅದು ನಡೆಯುತ್ತೆ. ಇಂಗ್ಲಿಷ್ ಬರುತ್ತೆ, ಇನ್ಶೂರೆನ್ಸ್ ಇದೆ, ಬೇಜಾರಾದರೆ ಇನ್ನೊಂದು ಆಸ್ಪತ್ರೆಗೆ ಹೋಗ್ತೀವಿ, ಗ್ರಾಹಕರ ಕೋರ್ಟಿಗೂ ಹೋಗ್ತೀವಿ. ವೈದ್ಯಕೀಯ ಸೇವೆ ಗ್ರಾಹಕರ ಕಾನೂನಿನೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ, ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡೋ ಸರ್ಕಾರಿ ಆಸ್ಪತ್ರೆಯ ಸೇವೆ ಅದರೊಳಗೆ ಬರಲ್ಲ ಅಂತಲೂ ಹೇಳಿತು. ಕಾನೂನಿನ ಕಾರಣ ಇರಬಹುದು, ನಾನು ಲಾಯರ್ ಅಲ್ಲ. ಆದರೆ ಬೆಂಚಿನ ಮೇಲೆ ಕೂತ ನನ್ನ ತಂಗಿಯ ಜಾಗದಿಂದ ನೋಡಿದರೆ, ದುಡ್ಡು ಕೊಟ್ಟವನಿಗೆ ಮಾತ್ರ ಗ್ರಾಹಕ ಅಂತ ಕೇಳೋ ದಾರಿ ಇದೆ, ಉಳಿದವರಿಗೆ ಕೈ ಮುಗಿಯೋ ದಾರಿ.

ಹಾಗಾದರೆ ಸುರಕ್ಷತೆ ಪ್ರಶ್ನೆ ಕೇಳೋ ತಾಕತ್ತಿನ ಮೇಲೆ ನಿಲ್ಲಬಾರದು. ಬೆಂಗಳೂರಿನಿಂದ ಅಣ್ಣ ಶನಿವಾರ ಬಂದು ಕಾರ್ಡ್ ಓದಿದರೆ ಕಣ್ಣಿನ ಪರೀಕ್ಷೆ, ಬರದಿದ್ದರೆ ಇಲ್ಲ ಅನ್ನೋ ವ್ಯವಸ್ಥೆಗೆ ವ್ಯವಸ್ಥೆ ಅನ್ನೋಕಾಗಲ್ಲ, ಅದೃಷ್ಟ ಅನ್ನಬೇಕು.

ಇದಕ್ಕೆ ಉತ್ತರ ದೂರ ಎಲ್ಲೂ ಹುಡುಕಬೇಕಿಲ್ಲ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ ಕಿಡ್‌ರಾಪ್ ಅನ್ನೋ ಕಾರ್ಯಕ್ರಮ ಶುರು ಮಾಡಿದರು. ದಿನ ತುಂಬದ ಮಕ್ಕಳ ಕಣ್ಣು ನೋಡಬಲ್ಲ ತಜ್ಞರು ರಾಜ್ಯದಲ್ಲಿ ಕೈಬೆರಳೆಣಿಕೆ. ಜಿಲ್ಲೆಜಿಲ್ಲೆಗೂ ಅವರು ಹೋಗೋದು ಆಗದ ಮಾತು. ಹಾಗಾಗಿ ತರಬೇತಿ ಕೊಟ್ಟ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲಾ ಕೇಂದ್ರಗಳ ಶಿಶು ಘಟಕಗಳಿಗೆ ಹೋಗಿ, ಮಗುವಿನ ಅಕ್ಷಿಪಟಲದ ಚಿತ್ರ ತೆಗೆದು, ಇಂಟರ್‌ನೆಟ್ಟಿನಲ್ಲಿ ಕಳಿಸ್ತಾರೆ. ತಜ್ಞರು ಇದ್ದಲ್ಲಿಂದಲೇ ನೋಡಿ ಹೇಳ್ತಾರೆ. ಇದರ ತಂತ್ರಜ್ಞಾನದ ಬಗ್ಗೆ ನಮ್ಮಂಥವರು ಗಂಟೆಗಟ್ಟಲೆ ಮಾತಾಡಬಹುದು. ನನಗೆ ಹೆಚ್ಚು ಅನಿಸಿದ್ದು, ಅಲ್ಲಿ ಪ್ರಶ್ನೆ ತಾಯಿಗಾಗಿ ಕಾಯಲ್ಲ. ಅದೇ ನಡಕೊಂಡು ಮಗುವಿನ ಹತ್ತಿರ ಹೋಗುತ್ತೆ.

ಈಗ ಡಾಕ್ಟರ ಕಡೆಯಿಂದಲೂ ಒಂದು ಮಾತು. ನಮ್ಮಲ್ಲಿ ಡಾಕ್ಟರಿಗೆ ಎರಡೇ ಪಾತ್ರ ಇಟ್ಟಿದ್ದೀವಿ. ಮಗು ಉಳಿದರೆ ದೇವರು, ಹೋದರೆ ಕೊಲೆಗಾರ. ಬೆಳಗ್ಗೆ ಕಾಲಿಗೆ ಬಿದ್ದವರೇ ಸಂಜೆ ಗಾಜು ಒಡೀತಾರೆ. ವೈದ್ಯರ ಮೇಲಿನ ಹಲ್ಲೆ ತಡೆಯೋಕೆ ಕರ್ನಾಟಕದಲ್ಲಿ 2009ರಲ್ಲೇ ಒಂದು ಕಾನೂನು ಮಾಡಬೇಕಾಯ್ತು ಅಂದರೆ ಪರಿಸ್ಥಿತಿ ಊಹಿಸಿ. ಇಂಥ ಕಡೆ ‘ರಾತ್ರಿ ಡೋಸ್ ಹೆಚ್ಚು ಹೋಗಿತ್ತು, ಸದ್ಯ ನೋಡ್ಕೊಂಡ್ವಿ’ ಅಂತ ಯಾವ ಸಿಸ್ಟರ್ ತಾನೇ ರಿಜಿಸ್ಟರ್‌ನಲ್ಲಿ ಬರೀತಾರೆ? ಬರೆಯದಿದ್ದರೆ ಮುಂದಿನ ವಾರ ಅದೇ ತಪ್ಪು ಇನ್ನೊಬ್ಬರ ಕೈಯಲ್ಲಿ ಆಗುತ್ತೆ. ನಮ್ಮ ಕಸುಬಿನಲ್ಲಿ ಸರ್ವರ್ ಬಿದ್ದರೆ ಎಲ್ಲರೂ ಕೂತು ಏನಾಯ್ತು ಅಂತ ಬರೀತೀವಿ, ಯಾರ ಹೆಸರನ್ನೂ ಎತ್ತಲ್ಲ. ಹೆಸರು ಎತ್ತಿದ ದಿನದಿಂದ ಜನ ಮುಚ್ಚಿಡೋಕೆ ಶುರು ಮಾಡ್ತಾರೆ ಅಂತ ಗೊತ್ತಿದೆ. ಆಸ್ಪತ್ರೆಗಳಿಗೂ ಇದು ಬೇಕು.

ಆದರೆ ಈ ಹೋಲಿಕೆಯನ್ನ ಪೂರ್ತಿ ನಂಬೋಕಾಗಲ್ಲ. ಸರ್ವರ್ರಿಗೆ ಬ್ಯಾಕಪ್ ಇದೆ. ಮಗುವಿಗೆ ಇಲ್ಲ. ತಪ್ಪಿನ ಮೀಟಿಂಗ್ ಒಳಗೆ ಮುಗಿದು ತಾಯಿ ಹೊರಗೆ ಬೆಂಚಿನ ಮೇಲೇ ಕೂತಿದ್ದರೆ ಅದು ಸುಧಾರಣೆ ಅಲ್ಲ, ಒಳಗಿನವರ ಒಪ್ಪಂದ. ಹೆಸರು ಎತ್ತದೆ ಇರಬಹುದು, ಸತ್ಯ ಹೇಳದೆ ಇರೋ ಹಾಗಿಲ್ಲ. ಜೋಸಿಯ ಅಪ್ಪ ಅಮ್ಮ ಪರಿಹಾರದ ಹಣದಲ್ಲೇ ಒಂದು ಭಾಗ ಕೊಟ್ಟು ಅದೇ ಆಸ್ಪತ್ರೆಯಲ್ಲಿ ಮಕ್ಕಳ ಸುರಕ್ಷತೆಯ ಕಾರ್ಯಕ್ರಮ ಶುರು ಮಾಡಿಸಿದರು. ಅದು ಸಾಧ್ಯವಾಗಿದ್ದು ಆಸ್ಪತ್ರೆ ತಪ್ಪನ್ನ ಒಪ್ಪಿಕೊಂಡ ಮೇಲೆ.

ಇನ್ನು ಕೆಲವನ್ನ ‘ತಪ್ಪು’ ಅನ್ನೋದೇ ತಪ್ಪು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕೋಲ್ಡ್‌ರಿಫ್ ಅನ್ನೋ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ಕೆಟ್ಟು ಸತ್ತವು. ತಮಿಳುನಾಡಿನಲ್ಲಿ ತಯಾರಾದ ಆ ಔಷಧಿಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಶೇ. 48ಕ್ಕಿಂತ ಹೆಚ್ಚಿತ್ತು. ಇರಬಹುದಾದ ಮಿತಿ ಶೇ. 0.1. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ಒಂದು ಔಷಧಿಯಲ್ಲಿ ಸೇರಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು, ಅವರಲ್ಲಿ ಮಕ್ಕಳೂ ಇದ್ದರು. ಮರುವರ್ಷವೇ ಅಲ್ಲಿ ಔಷಧಿ ಕಾನೂನು ಬದಲಾಯ್ತು. ಎಂಬತ್ತೆಂಟು ವರ್ಷದ ಹಳೆ ಪಾಠ ಇದು. ಇಲ್ಲಿ ಯಾವ ತಾಯಿ ಯಾವ ಪ್ರಶ್ನೆ ಕೇಳಿದ್ದರೂ ಉಪಯೋಗ ಇರಲಿಲ್ಲ. ಬಾಟಲಿ ನೋಡಿ ವಿಷ ಅಂತ ಹೇಳೋಕೆ ಯಾರಿಗೂ ಆಗಲ್ಲ, ಬರೆದುಕೊಟ್ಟ ಡಾಕ್ಟರಿಗೂ ಆಗಲ್ಲ. ಪರೀಕ್ಷೆ ಮಾಡಬೇಕಾದವರು ಮಾಡಲಿಲ್ಲ, ಮಾಡಿಸಬೇಕಾದವರು ಮಾಡಿಸಲಿಲ್ಲ. ಹೆಸರು ಎತ್ತಬೇಕಾದದ್ದು, ಶಿಕ್ಷೆ ಆಗಬೇಕಾದದ್ದು ಇಂಥ ಕಡೆ. ನಾವು ಮಾಡೋದು ಉಲ್ಟಾ. ಸುಸ್ತಾದ ಸಿಸ್ಟರ್ ಮೇಲೆ ಕೂಗಾಡ್ತೀವಿ, ಫ್ಯಾಕ್ಟರಿಯ ಲೈಸೆನ್ಸ್ ಯಾರು ಕೊಟ್ಟರು ಅಂತ ಮೂರು ದಿನದ ಮೇಲೆ ಮರೀತೀವಿ.

ಒಟ್ಟಿನಲ್ಲಿ ನನಗೆ ಕಾಣೋದು ಮೂರು ಥರದ ಪ್ರಶ್ನೆ. ತಾಯಿ ಕೇಳಬಲ್ಲ ಪ್ರಶ್ನೆ, ಅದಕ್ಕೆ ಆಸ್ಪತ್ರೆ ಕಿವಿ ಕೊಡಬೇಕು, ನಿಯಮವಾಗಿ ಕೊಡಬೇಕು. ತಾಯಿಗೆ ಹೊಳೆಯದ ಪ್ರಶ್ನೆ, ಅದನ್ನ ಆಸ್ಪತ್ರೆಯೇ ಕೇಳಿಕೊಂಡು ಉತ್ತರವನ್ನ ಅವಳಿಗೆ ಅವಳ ಭಾಷೆಯಲ್ಲಿ ಹೇಳಬೇಕು. ಹಾಸಿಗೆ ಪಕ್ಕ ನಿಂತ ಯಾರೂ ಕೇಳೋಕಾಗದ ಪ್ರಶ್ನೆ, ಅದನ್ನ ನಮ್ಮೆಲ್ಲರ ಪರವಾಗಿ ಸರ್ಕಾರ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2025ರ ರೋಗಿ ಸುರಕ್ಷತಾ ದಿನವನ್ನ ನವಜಾತ ಶಿಶುಗಳಿಗೆ ಮತ್ತು ಮಕ್ಕಳಿಗೆ ಅಂತ ಮೀಸಲಿಟ್ಟಿತ್ತು. ಸೆಪ್ಟೆಂಬರ್ 17. ಅದಾಗಿ ಕೆಲವೇ ವಾರಗಳಲ್ಲಿ ದೇಶಕ್ಕೆಲ್ಲ ಸಿರಪ್ಪಿನ ಸುದ್ದಿ ಗೊತ್ತಾಗಿದ್ದು.

ಇದರಲ್ಲಿ ನಮ್ಮ ನಿಮ್ಮ ಪಾಲು ಏನು? ಕೇಳೋಕೆ ಬಂದವರ ಮೇಲೆ ಬರದವರ ಋಣ ಇರುತ್ತೆ ಅಂತ ನನ್ನ ನಂಬಿಕೆ. ನಾಳೆ ನಿಮ್ಮ ಮಗುವನ್ನೋ ಅಕ್ಕನ ಮಗುವನ್ನೋ ಕರಕೊಂಡು ಆಸ್ಪತ್ರೆಗೆ ಹೋದಾಗ ತೂಕ ಹಾಕಿಸಿ, ಡೋಸ್ ಎಷ್ಟು ಅಂತ ಕೇಳಿ, ಡ್ರಾಪ್ಸಾ ಸಿರಪ್ಪಾ ಅಂತ ಕೇಳಿ. ದಿನ ತುಂಬದ ಮಗು ಆದರೆ ಕಣ್ಣಿನ ಪರೀಕ್ಷೆ ಯಾವತ್ತು ಅಂತ ಕೇಳಿ. ಜಗಳದ ದನಿ ಬೇಡ. ಆದರೆ ಇಂಗ್ಲಿಷಿನಲ್ಲಿ ಕೇಳಬೇಡಿ, ಪಿಸುಮಾತಿನಲ್ಲೂ ಬೇಡ. ಕನ್ನಡದಲ್ಲಿ, ಸ್ವಲ್ಪ ಗಟ್ಟಿಯಾಗಿ ಕೇಳಿ. ಪಕ್ಕದ ಹಾಸಿಗೆಯಲ್ಲಿ ಮಗು ಮಲಗಿಸಿಕೊಂಡು ಸುಮ್ಮನೆ ಕೂತ ತಾಯಿಗೂ ಪ್ರಶ್ನೆ ಕೇಳಿಸಬೇಕು, ಡಾಕ್ಟರು ಕೊಡೋ ಉತ್ತರವೂ ಕೇಳಿಸಬೇಕು.